ಹಾಲು ಉಕ್ಕುವಷ್ಟರಲ್ಲಿ ಒಂದು ಮಾರು ನೂಲು

ನನ್ನ ಕೈಚೀಲದಲ್ಲಿ ಸದಾ ಒಂದು ಹಿತ್ತಾಳೆ ತಕಲಿ, ಅಂದರೆ ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ಸಾಧನ, ಇರುತ್ತದೆ. ಹಳೇ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ, ಅದರ ನಡುವೆ ತೂರಿಸಿದ ಗೇಣುದ್ದದ ಕಡ್ಡಿ, ಕಡ್ಡಿಯ ಮೇಲ್ತುದಿಯಲ್ಲಿ ಪುಟ್ಟ ಕೊಕ್ಕೆ. ಇಷ್ಟೇ ಸಾಮಾನು. ಜೊತೆಗೆ ಒಂದು ಸ್ಟೀಲ್ ಬಟ್ಟಲು. ಹಳೇ ಕನ್ನಡಕದ ಡಬ್ಬಿಯಲ್ಲಿ ಐದಾರು ಹಂಜಿ, ಅಂದರೆ ಅರಳೆಯನ್ನು ಬಿಡಿಸಿ ಬೆರಳಿನ ಗಾತ್ರಕ್ಕೆ ಸುರುಳಿ ಮಾಡಿದ್ದು. ಎರಡು ವರ್ಷದಿಂದ ಇವೆಲ್ಲ ನನ್ನ ಜೊತೆ ಬೆಳಿಗ್ಗೆ ಮೈಸೂರಿನಿಂದ ನಂಜನಗೂಡಿಗೆ ಹೋಗಿ ಸಂಜೆ ವಾಪಸ್ ಬರುತ್ತವೆ.

ನೋಡಿದವರು ಮೊದಲು ಕೇಳುವುದು, "ಇದರಿಂದ ಎಷ್ಟು ಸಿಗುತ್ತೆ?" ಅಂತ. ದುಡ್ಡೇನೂ ಸಿಗುವುದಿಲ್ಲ. ಸುಮ್ನೆ ಸೋರಿ ಹೋಗುತ್ತಿದ್ದ ಹೊತ್ತು ಸಿಕ್ಕಿತು. ಆ ಹೊತ್ತಿನಿಂದ ನನ್ನ ಸ್ವಭಾವದಲ್ಲೂ ಒಂದೆರಡು ಬದಲಾವಣೆ ಆಯಿತು. ಅದು ಹೇಗಾಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ನನಗೆ ಲೆಕ್ಕಪತ್ರದ ಕೆಲಸ. ಮನೆ ಮೈಸೂರಿನ ಚಾಮರಾಜಪುರಂ ಸ್ಟೇಷನ್‌ಗೆ ಹತ್ತಿರ. ಮನೆಯಲ್ಲಿ ಯಜಮಾನರು, ಪಿಯುಸಿ ಓದುವ ಮಗಳು, 83 ವರ್ಷದ ಅಪ್ಪ. ಅಪ್ಪನಿಗೆ ಕಣ್ಣು ತುಂಬ ಮಂಜು. ಬೆಳಕು, ನೆರಳು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮಾತು ಕಮ್ಮಿ.

ಆಗ ನನಗೆ ಒಂದು ಕೊರಗು ಇತ್ತು. ಹೊಸದೇನಾದರೂ ಕಲಿಯಬೇಕು, ಆದರೆ ಹೊತ್ತೇ ಇಲ್ಲ. ಈ ಮಾತನ್ನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೆ. ಒಂದು ದಿನ ಯಾಕೋ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಲೆಕ್ಕ ನನ್ನ ಕಸುಬೇ ಅಲ್ವಾ. ಒಂದು ವಾರ, ಕಾಯುತ್ತಾ ನಿಂತ ಹೊತ್ತನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಹಾಲು ಕಾಯುವವರೆಗೆ 5 ನಿಮಿಷ. ಕುಕ್ಕರ್ ಮೂರು ಸಲ ಕೂಗುವವರೆಗೆ 8. ಪ್ಲಾಟ್‌ಫಾರ್ಮಿನಲ್ಲಿ 10. ರೈಲು ಕಡಕೊಳದಲ್ಲಿ ಕ್ರಾಸಿಂಗ್‌ಗೆ ನಿಂತರೆ 7. ಆಫೀಸಿನಲ್ಲಿ ಕಂಪ್ಯೂಟರ್ ತೆರೆದುಕೊಳ್ಳುವವರೆಗೆ 4. ಸಂಜೆ ಮಗಳ ಟ್ಯೂಷನ್ ಗೇಟಿನ ಮುಂದೆ 12. ಕೂಡಿದರೆ 46 ನಿಮಿಷ. ಪ್ರತಿದಿನ!

ಆ 46 ನಿಮಿಷ ಎಲ್ಲಿ ಹೋಗುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಫೋನಿಗೆ. ಹಾಲಿನ ಮುಂದೆ ನಿಂತು ಫೋನು ನೋಡುತ್ತಾ ಹಾಲು ಉಕ್ಕಿಸಿದ್ದು ಎಷ್ಟು ಸಲವೋ.

ಆ ಹೊತ್ತಿಗೆ ಒಂದು ಕೆಲಸ ಕೊಡೋಣ ಅಂತ ಮೊದಲು ಪುಸ್ತಕ ಹಿಡಿದೆ. ಐದು ನಿಮಿಷ ಓದಿ ಮುಚ್ಚಿಟ್ಟು, ಎರಡು ಗಂಟೆ ಬಿಟ್ಟು ತೆರೆದರೆ ಕಥೆ ಮರೆತಿರುತ್ತಿತ್ತು. ಎರಡು ಪುಟ ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ರೈಲು ಬಂದಿರುತ್ತಿತ್ತು. ಆಮೇಲೆ ಫೋನಿನಲ್ಲೇ ಇಂಗ್ಲಿಷ್ ಪದ ಕಲಿಸುವ ಒಂದು ಆ್ಯಪ್ ಹಾಕಿಕೊಂಡೆ. ಪದ ಕಲಿಯಲು ಫೋನು ತೆಗೆದರೆ ಮೆಸೇಜು ಕಾಣುತ್ತಿತ್ತು, ಕೈ ಅಲ್ಲಿಗೇ ಹೋಗುತ್ತಿತ್ತು. ಹದಿನೈದು ದಿನಕ್ಕೆ ಎರಡೂ ನಿಂತವು. ತಪ್ಪು ನನ್ನ ಮನಸ್ಸಿನದು ಅಂದುಕೊಂಡು ಬೇಜಾರು ಮಾಡಿಕೊಂಡಿದ್ದೆ. ತಪ್ಪು ಕೆಲಸದ ಆಯ್ಕೆಯದು ಅಂತ ತಿಳಿದದ್ದು ಆಮೇಲೆ. ಪುಸ್ತಕದ ಒಳಗೆ ಹೋಗಲು ಹೊತ್ತು ಬೇಕು, ಹೊರಗೆ ಬರಲೂ ಹೊತ್ತು ಬೇಕು. ಐದು ನಿಮಿಷಕ್ಕೆ ಹೊಂದುವ ಕೆಲಸ ಅಂದರೆ, ಎಲ್ಲಿ ಬಿಟ್ಟರೂ ಕೆಡಬಾರದು, ಎಲ್ಲಿಂದ ಎತ್ತಿಕೊಂಡರೂ ಮುಂದುವರಿಯಬೇಕು.

ತಕಲಿ ಸಿಕ್ಕಿದ್ದು ಅಮ್ಮನ ಟ್ರಂಕಿನಲ್ಲಿ. ಗೌರಿ ಹಬ್ಬಕ್ಕೆ ಬೆಳ್ಳಿ ಸಾಮಾನು ಹುಡುಕುತ್ತಿದ್ದೆ. ಹಳೇ ರೇಷ್ಮೆ ಸೀರೆಯ ಮಡಿಕೆಯಲ್ಲಿ ಕಪ್ಪಾಗಿದ್ದ ಹಿತ್ತಾಳೆಯ ಬುಗುರಿಯಂಥದ್ದು ಸಿಕ್ಕಿತು. ಅಪ್ಪನ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಕೊಕ್ಕೆಯನ್ನು ಮುಟ್ಟಿದರು, ಬಿಲ್ಲೆಯ ಅಂಚನ್ನು ಒಂದು ಸುತ್ತು ಸವರಿದರು.

"ಇದು ನಂದು ಕಣಮ್ಮ. ಸ್ಕೂಲಿಂದು."

ಅಪ್ಪನ ಊರು ತಿ. ನರಸೀಪುರದ ಹತ್ತಿರ. ಅವರ ಪ್ರೈಮರಿ ಸ್ಕೂಲಿನಲ್ಲಿ ದಿನಕ್ಕೊಂದು ತಕಲಿ ಪೀರಿಯಡ್ ಇತ್ತಂತೆ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ವಿಚಾರ ಮುಂದಿಟ್ಟರು. ಕೈಕಸುಬಿನ ಮೂಲಕ ಮಕ್ಕಳಿಗೆ ಪಾಠ ಕಲಿಸಬೇಕು ಎಂದು. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ಊರಿನ ಸ್ಕೂಲುಗಳಲ್ಲಿ ಅದು ತಕಲಿಯ ರೂಪದಲ್ಲಿ ಉಳಿದಿತ್ತು. ನೂಲುತ್ತಲೇ ಮಗ್ಗಿ ಹೇಳಿಸುತ್ತಿದ್ದರು ಅಂತ ಅಪ್ಪ ನೆನಪು ಮಾಡಿಕೊಂಡರು. ಆಮೇಲೆ ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಆ ತಕಲಿಯಲ್ಲೇ ದೇವರ ಬತ್ತಿಗೆ ನೂಲು ತೆಗೆಯುತ್ತಿದ್ದಳಂತೆ. ಇದು ನನಗೆ ಗೊತ್ತೇ ಇರಲಿಲ್ಲ.

"ನಂಗೂ ಹೇಳಿಕೊಡ್ತೀರಾ?" ಅಂದೆ.

"ಕಣ್ಣಿಲ್ಲದವನು ಏನು ಹೇಳಿಕೊಡ್ಲಿ?" ಅಂದರು. ಆದರೆ ತಕಲಿಯನ್ನು ವಾಪಸ್ ಕೊಡಲಿಲ್ಲ. ರಾತ್ರಿ ಹುಣಸೆಹಣ್ಣು ಹಚ್ಚಿ ಅವರೇ ತಿಕ್ಕಿದರು. ಬೆಳಿಗ್ಗೆ ನೋಡಿದರೆ ತಳತಳ ಅನ್ನುತ್ತಿತ್ತು.

ಮೊದಲ ಅಡಚಣೆ ಹತ್ತಿಯದು. ಮೆಡಿಕಲ್ ಶಾಪಿನ ಹತ್ತಿ ತಂದೆ. ಎಳೆದ ಕೂಡಲೇ ಪಿಸುಕ್ಕನೆ ಬಿಟ್ಟುಹೋಗುತ್ತಿತ್ತು, ನೂಲಾಗಿ ಹಿಡಿಯುತ್ತಲೇ ಇರಲಿಲ್ಲ. "ಇದಕ್ಕೆ ಜೀವ ಇಲ್ಲ, ಬತ್ತಿ ಹತ್ತಿ ತಾ" ಅಂದರು ಅಪ್ಪ. ದೇವರಾಜ ಮಾರ್ಕೆಟ್ಟಿನ ಗ್ರಂದಿಗೆ ಅಂಗಡಿಯಿಂದ ಬೀಜ ತೆಗೆದ ಹತ್ತಿ ತಂದೆ. ಅಪ್ಪ ಜಗಲಿಯಲ್ಲಿ ಕೂತು ಅದನ್ನು ಬೆರಳಿನಲ್ಲೇ ಬಿಡಿಸಿದರು. ಎಳೆಎಳೆಯಾಗಿ, ಮೋಡದ ಹಾಗೆ. ಆಮೇಲೆ ಮಣೆಯ ಮೇಲೆ ತೆಳುವಾಗಿ ಹರಡಿ, ಹಿಡಿಕಡ್ಡಿ ಇಟ್ಟು ಉರುಳಿಸಿ, ಕಡ್ಡಿಯನ್ನು ಮೆಲ್ಲಗೆ ಹೊರಕ್ಕೆ ಎಳೆದರು. ಉಳಿದದ್ದು ಹಂಜಿ. ಎಪ್ಪತ್ತು ವರ್ಷದ ಹಿಂದೆ ಕಲಿತ ಕೆಲಸ. ಕೈ ಒಂದಿಷ್ಟೂ ಮರೆತಿರಲಿಲ್ಲ.

ನೂಲುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಕಲಿತದ್ದೆಲ್ಲ ಇರುವುದು ಇದರಲ್ಲೇ.

ಎಡಗೈಯಲ್ಲಿ ಹಂಜಿ. ಹೂವು ಹಿಡಿದಂತೆ ಹಿಡಿಯಬೇಕು, ಒತ್ತಬಾರದು. ತಕಲಿಯ ಕೊಕ್ಕೆಗೆ ಮೊದಲೇ ಒಂದು ಚೂರು ದಾರ ಸಿಕ್ಕಿಸಿ, ಅದರ ತುದಿಯನ್ನು ಹಂಜಿಯ ತುದಿಗೆ ತಾಗಿಸಬೇಕು. ತಕಲಿಯ ಕೆಳತುದಿಯನ್ನು ಬಟ್ಟಲಿನಲ್ಲಿ ನಿಲ್ಲಿಸಿ, ಬಲಗೈ ಹೆಬ್ಬೆರಳು ತೋರುಬೆರಳಿನಲ್ಲಿ ಚಿಟಿಕೆ ಹೊಡೆದ ಹಾಗೆ ತಿರುಗಿಸಬೇಕು. ತಕಲಿ ತಿರುಗಿದಂತೆ ಹುರಿ ದಾರದಲ್ಲಿ ಮೇಲೇರಿ ಹಂಜಿಯ ತುದಿಯನ್ನು ಹಿಡಿಯುತ್ತದೆ. ಆಗ ಎಡಗೈಯನ್ನು ಮೆಲ್ಲಗೆ ಹಿಂದಕ್ಕೆ ಒಯ್ಯಬೇಕು. ಹಂಜಿಯಿಂದ ಎಳೆಗಳು ಜಾರಿ ಬರುತ್ತವೆ, ಬರುಬರುತ್ತಲೇ ಹುರಿಗೊಂಡು ನೂಲಾಗುತ್ತವೆ. ಕೈ ಚಾಚುವಷ್ಟು ಉದ್ದ ಬಂದ ಮೇಲೆ ಇನ್ನೊಂದು ಸುತ್ತು ಗಟ್ಟಿ ಹುರಿ ಕೊಟ್ಟು, ಕೊಕ್ಕೆಯಿಂದ ಬಿಡಿಸಿ, ಕಡ್ಡಿಗೆ ಸುತ್ತಿ, ಮತ್ತೆ ಕೊಕ್ಕೆಗೆ ಹಾಕಬೇಕು.

ಹೇಳುವುದು ಸುಲಭ. ಮೊದಲ ವಾರ ನನ್ನ ಕೈಯಲ್ಲಿ ಬಂದದ್ದು ನೂಲಲ್ಲ. ಒಂದು ಕಡೆ ಹುಳದ ಹಾಗೆ ದಪ್ಪ, ಅದರ ಪಕ್ಕದಲ್ಲೇ ಕೂದಲಿಗಿಂತ ತೆಳು, ಮರುಕ್ಷಣ ಪಟ್ಟನೆ ತುಂಡು. ಹುರಿ ಜಾಸ್ತಿಯಾದರೆ ನೂಲು ತನಗೆ ತಾನೇ ಸುತ್ತಿಕೊಂಡು ಗಂಟು. ಕಮ್ಮಿಯಾದರೆ ಎಳೆ ಬಿಟ್ಟುಹೋಗುತ್ತದೆ. ತಕಲಿ ನಿಂತದ್ದು ಗೊತ್ತಾಗದೆ ಎಳೆದರಂತೂ ಅದು ಉಲ್ಟಾ ತಿರುಗಿ, ಕೊಟ್ಟ ಹುರಿಯೆಲ್ಲ ಬಿಚ್ಚಿಹೋಗುತ್ತದೆ.

ಅಪ್ಪನಿಗೆ ನನ್ನ ಕೈ ಕಾಣುತ್ತಿರಲಿಲ್ಲ. ಆದರೆ ಬಟ್ಟಲಿನ ಸದ್ದು ಕೇಳುತ್ತಿತ್ತು. ತಕಲಿ ಜೋರಾಗಿ ತಿರುಗುವಾಗ ಬಟ್ಟಲು ಜುಂಯ್ ಅನ್ನುತ್ತದೆ. ನಿಧಾನವಾದಾಗ ಸದ್ದು ಒಡೆದು ಟಿಕ್ ಟಿಕ್ ಆಗುತ್ತದೆ. "ಸದ್ದು ಒಡೀತು, ನಿಲ್ಲಿಸು" ಅನ್ನುತ್ತಿದ್ದರು. ನಾನು ಕೈಗೆ ಜೋರು ಕೊಟ್ಟಾಗಲೂ ಅವರಿಗೆ ಗೊತ್ತಾಗುತ್ತಿತ್ತು. "ಎಳೀಬೇಡ ಕಣಮ್ಮ. ನೀನು ಬಿಡು, ಅದು ಬರುತ್ತೆ."

ನಾನು ಕೆಲಸ ಎಳೆದಾಡಿ ಮುಗಿಸುವ ಜಾತಿ. ಆಫೀಸಿನಲ್ಲಿ, ಅಡುಗೆಮನೆಯಲ್ಲಿ, ಮಗಳ ಓದಿನ ವಿಷಯದಲ್ಲಿ ಎಲ್ಲ ಕಡೆ ಹಾಗೆಯೇ. ನೂಲಿನ ಮುಂದೆ ಆ ಸ್ವಭಾವ ನಡೆಯಲಿಲ್ಲ. ಎಳೆದರೆ ತುಂಡು. ಸುಮಾರು ಇಪ್ಪತ್ತು ದಿನ ಆದ ಮೇಲೆ, ಒಂದು ಬೆಳಿಗ್ಗೆ, ಹಾಲು ಒಲೆಯ ಮೇಲೆ ಇಟ್ಟು ತಕಲಿ ತಿರುಗಿಸಿದೆ. ಎಡಗೈ ತಾನೇ ಹಿಂದಕ್ಕೆ ಹೋಯಿತು. ನೂಲು ಬಂತು, ಮತ್ತೆ ಬಂತು. ಹಾಲು ಮೇಲೇಳುವಷ್ಟರಲ್ಲಿ ತುಂಡಾಗದ ಒಂದು ಮಾರು ನೂಲು ಕಡ್ಡಿಯ ಮೇಲಿತ್ತು. ಗ್ಯಾಸ್ ಆರಿಸಿ ಅಪ್ಪನ ಹತ್ತಿರ ಓಡಿದೆ. ಅವರು ಬೆರಳಿನಲ್ಲಿ ಅದನ್ನು ಎರಡು ಸಲ ಸವರಿ, "ಬಂತು" ಅಂದರು. ಒಂದೇ ಮಾತು. ಆ ದಿನವೆಲ್ಲ ಅದೇ ಸಂತೋಷದಲ್ಲಿದ್ದೆ.

ಅಲ್ಲಿಂದ ಮುಂದೆ ಕ್ಯಾಲೆಂಡರಿನ ಪಟ್ಟಿಗೆ ಕೆಲಸ ಬಂತು. ಪ್ರತಿ ಕಾಯುವ ಜಾಗಕ್ಕೂ ತಕಲಿಯನ್ನು ಹತ್ತಿರ ತಂದೆ. ಅಡುಗೆಮನೆಯ ಕಿಟಕಿಯ ಮೇಲೆ ಒಂದು ಬಟ್ಟಲು, ಕೈಚೀಲದ ಮುಂದಿನ ಜೇಬಿನಲ್ಲಿ ಇನ್ನೊಂದು. ಫೋನನ್ನು ಚೀಲದ ಅಡಿಗೆ ಹಾಕಿದೆ. ಇದು ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ. ಐದು ನಿಮಿಷದಲ್ಲಿ ಎರಡು ನಿಮಿಷ ಸಾಮಾನು ಹುಡುಕಲು ಹೋದರೆ ಆ ಹೊತ್ತು ಸತ್ತಂತೆ. ಮೊದಲು ಕೈಗೆ ಯಾವುದು ಸಿಗುತ್ತದೋ, ಹೊತ್ತು ಅದರದ್ದೇ.

ರೈಲಿನಲ್ಲಿ ನೂಲುವುದು ಕಷ್ಟ ಅಂದುಕೊಂಡಿದ್ದೆ. ಚಾಮರಾಜನಗರದ ಪ್ಯಾಸೆಂಜರ್ ಅಶೋಕಪುರಂ ದಾಟುವವರೆಗೆ ಜನ ಜಾಸ್ತಿ, ಕೂರಲು ಜಾಗ ಸಿಗುವುದಿಲ್ಲ. ಕಡಕೊಳದಿಂದ ಆಚೆ ಸಲೀಸು. ಬಟ್ಟಲನ್ನು ತೊಡೆಯ ಮೇಲೆ ಕರ್ಚೀಫು ಹಾಸಿ ಇಟ್ಟುಕೊಂಡರೆ ಅಲುಗುವುದಿಲ್ಲ. ತಾಂಡವಪುರ ಬರುವಷ್ಟರಲ್ಲಿ ಮೂರ್ನಾಲ್ಕು ಮೀಟರ್ ಆಗುತ್ತದೆ. ಕಪಿಲೆಯ ಮೇಲೆ ಹೋಗುವಾಗ ಮಾತ್ರ ನಿಲ್ಲಿಸುತ್ತೇನೆ. ಪಕ್ಕದಲ್ಲಿ 1735ರಲ್ಲಿ ಕಟ್ಟಿದ ಹಳೇ ಕಲ್ಲು ಸೇತುವೆ, ಕೆಳಗೆ ನೀರು. ಆ ಒಂದು ನಿಮಿಷಕ್ಕೆ ಯಾವ ಕೆಲಸವೂ ಬೇಡ ಅಂತ ಶುರುವಿನಲ್ಲೇ ತೀರ್ಮಾನ ಮಾಡಿದ್ದೆ. ಸಿಕ್ಕ ಹೊತ್ತನ್ನೆಲ್ಲ ದುಡಿಸಿಕೊಳ್ಳಬೇಕು ಅನ್ನುವುದು ನನ್ನ ಉದ್ದೇಶ ಆಗಿರಲಿಲ್ಲ. ಯಾವುದನ್ನು ಖಾಲಿ ಬಿಡಬೇಕು ಅನ್ನುವುದನ್ನೂ ನಾನೇ ಆರಿಸಬೇಕು ಅನ್ನುವುದಿತ್ತು.

ಒಂದು ದಿನ ಹೆಗಲಿಗೆ ದಪ್ಪ ಬ್ಯಾಗು ಹಾಕಿದ್ದ ಕಾಲೇಜು ಹುಡುಗನೊಬ್ಬ ತಿರುಗಿದ ರಭಸಕ್ಕೆ ನನ್ನ ಕೈಗೆ ಬಡಿಯಿತು. ನೂಲು ಕಿತ್ತುಹೋಯಿತು. ತಕಲಿ ಬಿದ್ದು ಸೀಟಿನ ಕೆಳಗೆ ಎಲ್ಲೋ ಉರುಳಿತು. ಕಡ್ಡಿಯ ಮೇಲೆ ಎರಡು ದಿನದ ನೂಲು ಇತ್ತು. ನಾನು ಜೋರಾಗಿಯೇ ಬೈದೆ. ಹುಡುಗ ಮಾತಾಡದೆ ಬ್ಯಾಗು ಇಳಿಸಿ, ಮಂಡಿಯೂರಿ, ಸೀಟಿನ ಕೆಳಗೆ ತೂರಿಕೊಂಡು ತಕಲಿ ತಂದ. ಧೂಳು ಹತ್ತಿದ್ದ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, "ಸಾರಿ ಆಂಟಿ. ಇದು ಹಾಳಾಯ್ತಾ?" ಅಂದ. ನನಗೆ ತುಂಬ ನಾಚಿಕೆ ಆಯಿತು. ಹಾಳಾಗುವಂಥದ್ದೇನೂ ಅದರಲ್ಲಿ ಇರಲಿಲ್ಲ. ಕಿತ್ತ ನೂಲನ್ನು ಸೇರಿಸುವುದು ನೂಲುವ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಇದ್ದದ್ದೇ.

ಅವನಿಗೆ ಸೇರಿಸಿ ತೋರಿಸಿದೆ. ಗಂಟು ಹಾಕಬಾರದು. ಕಿತ್ತ ತುದಿ ಹುರಿಗೊಂಡು ಗಟ್ಟಿಯಾಗಿರುತ್ತದೆ. ಹಾಗೇ ತಾಗಿಸಿದರೆ ಹಂಜಿ ಅದನ್ನು ಹಿಡಿಯುವುದಿಲ್ಲ. ಮೊದಲು ಆ ತುದಿಯನ್ನು ಉಲ್ಟಾ ತಿರುವಿ ಒಂದು ಅಂಗುಲದಷ್ಟು ಬಿಚ್ಚಬೇಕು. ಎಳೆಗಳು ಮೆತ್ತಗಾಗಿ ಅರಳುತ್ತವೆ. ಆಗ ಹಂಜಿಯ ಎಳೆಯನ್ನು ಅದರ ಮೇಲೆ ಮಲಗಿಸಿ ಹುರಿ ಕೊಟ್ಟರೆ ಎರಡೂ ಒಂದಾಗುತ್ತವೆ, ಜಾಗ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಹುಡುಗ ನಂಜನಗೂಡು ಬರುವವರೆಗೆ ನಿಂತು ನೋಡಿದ. ಇಳಿಯುವಾಗ ನಾನೂ ಸಾರಿ ಕೇಳಿದೆ.

ಆ ವಾರವೇ ಮನೆಯಲ್ಲಿ ಮಗಳ ಜೊತೆ ಒಂದು ಜಗಳವಾಗಿತ್ತು. ಯಾವ ಕೋರ್ಸಿಗೆ ಸೇರಬೇಕು ಅನ್ನುವುದು. ಎರಡು ದಿನ ಮಾತಿರಲಿಲ್ಲ. ನಾನು ಪ್ರತಿ ಸಲವೂ ನನ್ನ ಮಾತನ್ನೇ ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತಿದ್ದೆ. ಟ್ಯೂಷನ್ ಗೇಟಿನ ಮುಂದೆ ನಿಂತು ಕಿತ್ತ ನೂಲಿನ ತುದಿ ಬಿಚ್ಚುತ್ತಿದ್ದಾಗ ಅದು ನೆನಪಾಯಿತು. ಅವಳು ಹೊರಗೆ ಬಂದಾಗ, "ನಿಂಗೆ ಅದು ಯಾಕೆ ಇಷ್ಟ ಅಂತ ಹೇಳು, ನಾನು ಏನೂ ಅನ್ನೋದಿಲ್ಲ" ಅಂದೆ. ಮನೆ ಸೇರುವವರೆಗೆ ಅವಳೇ ಮಾತಾಡಿದಳು. ಎಲ್ಲ ಅಲ್ಲಿಗೆ ಸರಿಹೋಯಿತು ಅಂತಲ್ಲ. ಮಾತು ಮತ್ತೆ ಶುರುವಾಯಿತು.

ಇದೇ ಮಗಳು ನನಗೆ ಇನ್ನೊಂದು ಪಾಠವನ್ನೂ ಕಲಿಸಿದಳು. ನಾಲ್ಕೈದು ತಿಂಗಳು ಕಳೆದ ಮೇಲೆ ಕೈ ಚೆನ್ನಾಗಿ ಕೂತಿತ್ತು, ಆಸೆಯೂ ಜಾಸ್ತಿಯಾಗಿತ್ತು. ಊಟಕ್ಕೆ ಕೂತಾಗ, ಟಿವಿ ಮುಂದೆ, ಯಾರೋ ಮನೆಗೆ ಬಂದಾಗ, ಎಲ್ಲ ಕಡೆ ತಕಲಿ. ಒಂದು ರಾತ್ರಿ ಅವಳು ಏನೋ ಹೇಳುತ್ತಿದ್ದಳು, ನಾನು ಹೂಂ ಹೂಂ ಅನ್ನುತ್ತಿದ್ದೆ.

"ಅಮ್ಮ, ಮೊದ್ಲು ಫೋನ್ ನೋಡ್ಕೊಂಡು ಹೂಂ ಅಂತಿದ್ದೆ. ಈಗ ಇದನ್ನ ನೋಡ್ಕೊಂಡು ಹೂಂ ಅಂತೀಯ."

ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ಕ್ಯಾಲೆಂಡರಿನ ಪಟ್ಟಿಯನ್ನು ಮತ್ತೆ ತೆಗೆದು ಕೂತೆ. ಯಾರಾದರೂ ನನ್ನ ಜೊತೆ ಮಾತಾಡುತ್ತಿದ್ದರೆ ಅದು ಕಾಯುವ ಹೊತ್ತಲ್ಲ. ಅದನ್ನು ಹೊಡೆದುಹಾಕಿದೆ. ಆಫೀಸಿನ 4 ನಿಮಿಷವನ್ನೂ ಹೊಡೆದುಹಾಕಿದೆ. ಅದಕ್ಕೆ ಅವರು ಸಂಬಳ ಕೊಡುತ್ತಾರೆ, ಅದು ನನ್ನ ಹೊತ್ತಲ್ಲ. ಉಳಿದದ್ದು 42 ನಿಮಿಷ. ಸಾಕು ಅನ್ನಿಸಿತು.

ಅಪ್ಪನ ವಿಷಯದಲ್ಲಿ ಮಾತ್ರ ಈ ನಿಯಮ ತಿರುಗುಮುರುಗಾಯಿತು. ನಾನು ಎದುರಿಗೆ ಸುಮ್ನೆ ಕೂತರೆ ಅಪ್ಪ ಮಾತಾಡುವುದಿಲ್ಲ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಷ್ಟಕ್ಕೇ ಮುಗಿಯುತ್ತಿತ್ತು. ಬಟ್ಟಲಿನ ಸದ್ದು ಶುರುವಾದರೆ ಅವರ ಮಾತೂ ಶುರು. ಬಹುಶಃ ಆ ಸದ್ದು ಅವರನ್ನು ಆ ಸ್ಕೂಲಿಗೆ ಕರೆದುಕೊಂಡು ಹೋಗುತ್ತಿತ್ತು. ಅಥವಾ ನನ್ನ ಗಮನ ಪೂರ್ತಿ ತಮ್ಮ ಮೇಲಿಲ್ಲ ಅಂತ ಅವರಿಗೆ ಸಂಕೋಚ ಕಮ್ಮಿಯಾಗುತ್ತಿತ್ತೋ ಏನೋ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಅವರು ಹೇಳಿದ ಚೂರುಚೂರು ಕಥೆಗಳಿಂದಲೇ ಅಪ್ಪನ ಬಾಲ್ಯ ನನಗೆ ತಿಳಿದದ್ದು. ಕಾವೇರಿ ನೆರೆಗೆ ಮನೆಯ ಗೋಡೆ ಕುಸಿದದ್ದು. ಅಜ್ಜಿ ಒಂದು ಹಸು ಮಾರಿ ಹೈಸ್ಕೂಲು ಫೀಸು ಕಟ್ಟಿದ್ದು. ತಮ್ಮನೊಬ್ಬ ಜ್ವರದಲ್ಲಿ ತೀರಿಕೊಂಡದ್ದು. ಆ ತಮ್ಮನ ಹೆಸರನ್ನು 47 ವರ್ಷದಲ್ಲಿ ನಾನು ಮೊದಲ ಸಲ ಕೇಳಿದೆ.

ತಕಲಿಯ ಕಡ್ಡಿ ತುಂಬಿದಾಗ ನೂಲನ್ನು ಒಂದು ಹಲಗೆಗೆ ಸುತ್ತುತ್ತಿದ್ದೆ. ಒಂದು ಸುತ್ತಿಗೆ ಸರಿಯಾಗಿ ಒಂದು ಮೀಟರ್ ಆಗುವ ಹಾಗೆ ಅಳತೆ ಮಾಡಿ ಯಜಮಾನರು ಕೊಯ್ದುಕೊಟ್ಟ ಹಲಗೆ ಅದು. ಸಾವಿರ ಸುತ್ತಾದರೆ ಒಂದು ಲಡಿ. ಖಾದಿಯವರ ಲೆಕ್ಕವೂ ಅದೇ, ಲಡಿಗೆ 1000 ಮೀಟರ್. ಮೊದಲ ತಿಂಗಳು ದಿನಕ್ಕೆ ಎಂಟು ಮೀಟರ್ ಆದರೆ ದೊಡ್ಡದು. ಆರನೇ ತಿಂಗಳಿಗೆ, ಎಲ್ಲ ಕೂಡಿ ಬಂದ ದಿನ, ಮೂವತ್ತು.

ಆ ಹೊತ್ತಿಗೆ ನನಗೆ ಒಂದು ಹಳೇ ಲೆಕ್ಕ ಸಿಕ್ಕಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲು ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನೂಲಲು ಆಗದವರು, ಮನಸ್ಸಿಲ್ಲದವರು ಬೇರೆಯವರು ತೆಗೆದ ನೂಲು ತಂದು ಕೊಡಬಹುದಿತ್ತು. ಮರುವರ್ಷವೇ ನಿಯಮ ಸಡಿಲವಾಗಿ ನಾಲ್ಕಾಣೆ ಕೊಟ್ಟರೂ ಆಯಿತು ಎಂದಾಯಿತು. ಆದರೂ ಆ ಲೆಕ್ಕ ನನ್ನನ್ನು ಹಿಡಿದುಕೊಂಡಿತು. 2000 ಗಜ ಅಂದರೆ ಸುಮಾರು 1830 ಮೀಟರ್. ದಿನಕ್ಕೆ 61. ದಿನವೂ ಅರ್ಧ ಗಂಟೆ ನೂಲಿ ಅಂತ ಗಾಂಧೀಜಿ ಜನರನ್ನು ಕೇಳುತ್ತಿದ್ದರು. ವಕೀಲರು, ಮೇಷ್ಟರು, ವ್ಯಾಪಾರದವರು, ಎಲ್ಲರನ್ನೂ. ಚರಕವಾದರೆ ಒಂದು ಕಡೆ ಕೂರಬೇಕು. ತಕಲಿ ಹಾಗಲ್ಲ, ಜೇಬಿನಲ್ಲಿ ಹೋಗುತ್ತದೆ. ನೂರು ವರ್ಷದ ಹಿಂದೆ ಇದೇ ರೀತಿ ಯಾವುದೋ ರೈಲಿನಲ್ಲಿ, ಯಾವುದೋ ಕೋರ್ಟಿನ ಜಗಲಿಯಲ್ಲಿ ತಮ್ಮ ಸರದಿಗೆ ಕಾಯುತ್ತಾ ಯಾರೋ ನೂಲುತ್ತಿದ್ದಿರಬಹುದು ಅಂತ ನೆನೆದಾಗ ಒಂಟಿ ಅನ್ನಿಸುತ್ತಿರಲಿಲ್ಲ.

61 ಮೀಟರ್ ಮುಟ್ಟಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಮುಟ್ಟಿದ್ದು ಹದಿನಾಲ್ಕನೇ ತಿಂಗಳಲ್ಲಿ. ಆ ದಿನ ಸಂಜೆ ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ರೇಗಾಡುತ್ತಿದ್ದರು. ನಾನು ಕಲ್ಲುಬೆಂಚಿನ ಮೇಲೆ ಕೂತು ನೂಲುತ್ತಿದ್ದೆ. ರೈಲು ಬಂದಾಗ, ಇನ್ನು ಐದು ನಿಮಿಷ ತಡವಾಗಿದ್ದರೂ ಪರವಾಗಿರಲಿಲ್ಲ ಅನ್ನಿಸಿತು. ಅಷ್ಟು ವರ್ಷದ ಓಡಾಟದಲ್ಲಿ ಹಾಗೆ ಅನ್ನಿಸಿದ್ದು ಅದೇ ಮೊದಲು.

ಇದರ ನಡುವೆ ಒಂದು ಶನಿವಾರ ಬದನವಾಳಿಗೆ ಹೋಗಿ ಬಂದೆ. ನಂಜನಗೂಡಿನಿಂದ ಚಾಮರಾಜನಗರದ ದಾರಿಯಲ್ಲಿ ಸಿಗುವ ಊರು. 1927ರಲ್ಲಿ ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ ಇರುವುದು ಅಲ್ಲಿಯೇ. ದಿನವೂ ಅಷ್ಟು ಹತ್ತಿರ ಹೋಗಿ ಬರುತ್ತಿದ್ದರೂ ನೋಡಿರಲಿಲ್ಲ. ಹಳೇ ಹೆಂಚಿನ ಕಟ್ಟಡಗಳು, ಮರಗಳು, ತಣ್ಣನೆಯ ನೆರಳು. ಅಲ್ಲಿ ಸಿಕ್ಕ ವಯಸ್ಸಾದ ಒಬ್ಬ ಅಕ್ಕ ಬಹಳ ವರ್ಷ ನೂತವರು. ನನ್ನ ಲಡಿಯನ್ನು ಬಿಡಿಸಿ, ಒಂದು ಎಳೆ ಹಿಡಿದು ಎರಡು ಕೈಯಲ್ಲಿ ಚಟ್ಟನೆ ಎಳೆದು ನೋಡಿದರು.

"ಹುರಿ ಸಾಲ್ದು ಕಣವ್ವ. ಸುತ್ತೋಕೆ ಮುಂಚೆ ಇನ್ನೊಂದ್ ಸಲ ತಿರುಗ್ಸು. ಅವಸ್ರ ಮಾಡ್ತೀಯ."

ಒಂದು ವರ್ಷದ ಮೇಲೂ ನನ್ನ ಅವಸರ ಆ ಎಳೆಯಲ್ಲಿ ಅವರಿಗೆ ಸಿಕ್ಕಿಬಿಟ್ಟಿತ್ತು. ಬೆರಳಿಗೆ ಚೂರು ಬೂದಿ ಹಚ್ಚಿಕೋ, ತಕಲಿ ಜಾರುವುದಿಲ್ಲ ಅಂತಲೂ ಹೇಳಿದರು. ಈಗ ಡಬ್ಬಿಯಲ್ಲಿ ಒಂದು ಚಿಟಿಕೆ ವಿಭೂತಿ ಇರುತ್ತದೆ.

ಹದಿನೇಳು ತಿಂಗಳಿಗೆ ಎಂಟು ಲಡಿ ಆದವು. ಪರಿಚಯದವರ ಮೂಲಕ ಮೇಲುಕೋಟೆಯ ಒಬ್ಬ ನೇಕಾರರ ಹತ್ತಿರ ತೆಗೆದುಕೊಂಡು ಹೋದೆ. ಅವರು ಲಡಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹಾಸಿನಲ್ಲಿ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆಯಾಗಿ, ಇದು ತಡೆಯುವುದಿಲ್ಲ, ಅಡ್ಡಕ್ಕೆ ಹೋಗುವ ಹೊಕ್ಕಿಗೆ ಆಗುತ್ತದೆ ಅಂದರು. ಹಾಸಿನ ನೂಲು ಮಗ್ಗದಲ್ಲಿ ಬಿಗಿಯಾಗಿ ನಿಲ್ಲಬೇಕು, ಹಣಿಗೆಯ ತಿಕ್ಕಾಟ ತಡೆಯಬೇಕು. ಹೊಕ್ಕಿನ ನೂಲು ಲಾಳಿಯಲ್ಲಿ ಆರಾಮಾಗಿ ಓಡುತ್ತದೆ, ಅದಕ್ಕೆ ಅಷ್ಟು ಬಲ ಬೇಡ. ಹಾಸಿನಲ್ಲಿ ತಮ್ಮ ಹತ್ತಿರ ಇದ್ದ ನೂಲು ಹಾಕಿ, ನನ್ನದನ್ನು ಹೊಕ್ಕಿಗೆ ಹಾಕಿ ಎರಡು ಟವೆಲ್ ನೇಯ್ದುಕೊಟ್ಟರು. ಲಡಿಗಳನ್ನು ಬೆರೆಸಬೇಡಿ, ತೆಗೆದ ಕ್ರಮದಲ್ಲೇ ಹಾಕಿ ಅಂತ ನಾನೇ ಕೇಳಿಕೊಂಡಿದ್ದೆ.

ಮೊದಲನೇ ಟವೆಲ್ ಅಪ್ಪನಿಗೆ ಕೊಟ್ಟೆ. ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹರಡಿಕೊಂಡರು. ಒಂದು ಅಂಚಿನಿಂದ ಹೆಬ್ಬೆರಳು ಹಾಯಿಸುತ್ತಾ ಹೋದರು. ಶುರುವಿನಲ್ಲಿ ಗಂಟುಗಂಟು, ಬೆರಳು ನಿಂತುನಿಂತು ಹೋಗುತ್ತಿತ್ತು. ಒಂದು ಗೇಣು ದಾಟಿದ ಮೇಲೆ ಸಲೀಸಾಯಿತು.

"ಇಲ್ಲಿ ನಾನು ಬೈದಿದ್ದೆ ಅಲ್ವಾ?" ಅಂದರು.

"ಹೂಂ ಅಪ್ಪ. ಗೌರಿ ಹಬ್ಬ ಆದ ಮೇಲೆ."

ಅವರು ಬೆರಳನ್ನು ವಾಪಸ್ ಒಯ್ದು ಆ ಗಂಟುಗಳ ಮೇಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ಒಳಗೆ ಕುಕ್ಕರ್ ಮೊದಲ ಸಲ ಕೂಗಿತು. ಇನ್ನೂ ಎರಡು ಬಾಕಿ ಇತ್ತು. ನಾನು ಕಿಟಕಿಯ ಮೇಲಿಂದ ಬಟ್ಟಲು ತೆಗೆದುಕೊಂಡೆ.